ಚುಕ್ಕಿ ಗೋಡೆ ಹಿಡಿದು ನಡೆಯುತ್ತಿದ್ದಳು

ಫೋನಿನಲ್ಲಿ ಆ ಮನೆಯಾಕೆ ಮೊದಲು ಹೇಳಿದ್ದು ಇಷ್ಟು: "ನಮ್ಮ ನಾಯಿಗೆ ನಮ್ಮ ಮಾವನವರನ್ನ ಕಂಡ್ರೆ ಆಗಲ್ಲ. ಅವರ ವಾಕರ್ ಕಂಡ್ರಂತೂ ಮನೆ ಕಿತ್ತುಹೋಗೋ ಹಾಗೆ ಬೊಗಳ್ತಾಳೆ. ಇಬ್ಬರಲ್ಲಿ ಒಬ್ಬರನ್ನ ಬೇರೆ ಕಡೆ ಕಳಿಸಬೇಕು ಅನ್ನೋ ಮಾತು ಬಂದಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವನವರನ್ನಂತೂ ಕಳಿಸೋಕಾಗಲ್ಲ" ಎಂದರು.

ನಾಯಿಗಳ ವರ್ತನೆಯ ತೊಂದರೆಗಳನ್ನು ನೋಡುವುದೇ ನನ್ನ ಕೆಲಸ. ಇಂಥ ಕರೆಗಳು ಸಾಮಾನ್ಯವಾಗಿ ಆರೋಪಿಯ ಹೆಸರಿನ ಜೊತೆಗೇ ಬರುತ್ತವೆ. ಹೊಸ ಮಗು, ಹೊಸ ಮನೆ, ಹೊಸ ಬೆಕ್ಕು, ಹೀಗೆ. ಆರೋಪಿ ಹೊರಟುಹೋದರೆ ಎಲ್ಲ ಸರಿಯಾಗುತ್ತದೆ ಎಂದು ಮನೆಯವರು ನಂಬಿರುತ್ತಾರೆ. ಈ ಪ್ರಕರಣದಲ್ಲಿ ಆ ನಂಬಿಕೆ ಕೆಲವು ದಿನ ನನಗೂ ಅಂಟಿತ್ತು, ಅದಕ್ಕೇ ಬರೆದಿಡುತ್ತಿದ್ದೇನೆ. ನಾಯಿಯ ಹೆಸರು ಬದಲಿಸಿದ್ದೇನೆ, ಮನೆಯವರ ಗುರುತು ಬಿಟ್ಟಿದ್ದೇನೆ.

ಚುಕ್ಕಿ 6 ವರ್ಷದ ಹೆಣ್ಣು ನಾಯಿ. ಮಿಶ್ರ ತಳಿ, 19 ಕೆಜಿ ತೂಕ. ಮರಿಯಿದ್ದಾಗಿನಿಂದ ಒಂದೇ ಮನೆಯಲ್ಲಿ, ಅಪ್ಪ, ಅಮ್ಮ, ಮಗಳು ಈ ಮೂವರ ಜೊತೆ ಬೆಳೆದವಳು. ಮೊದಲಿನಿಂದಲೂ ಸ್ವಲ್ಪ ಅಂಜುಬುರುಕಿ. ಗುಡುಗಿದರೆ ಮಂಚದ ಕೆಳಗೆ, ಹೊರಗಿನವರು ಬಂದರೆ ಅಮ್ಮನ ಹಿಂದೆ. ಯಾರೂ ಅದನ್ನು ಸಮಸ್ಯೆ ಎಂದುಕೊಂಡಿರಲಿಲ್ಲ, ಸ್ವಭಾವ ಎಂದುಕೊಂಡಿದ್ದರು. ಅದು ತಪ್ಪೂ ಅಲ್ಲ.

ನಾನು ಅವರಿಗೆ ಕೊಟ್ಟ ಮೊದಲ ಕೆಲಸ, ಕಳೆದ ಮೂರು ತಿಂಗಳಲ್ಲಿ ಮನೆಯಲ್ಲಿ ಏನೇನು ಬದಲಾಯಿತು ಎಂದು ತಾರೀಖಿನ ಪ್ರಕಾರ ಬರೆಯುವುದು. ಬರೆದು ಕಳಿಸಿದ ಹಾಳೆ ನೋಡಿ ಅವರಿಗೇ ಗಾಬರಿಯಾಗಿತ್ತು. ಮೊದಲ ವಾರ ನೆಲಮಟ್ಟದ ಹಳೆ ಮನೆ ಬಿಟ್ಟು ಐದನೇ ಮಹಡಿಗೆ ಬಂದರು. ಮೂರನೇ ವಾರ ಮಗಳು ಹಾಸ್ಟೆಲ್‌ಗೆ ಹೋದಳು. ಚುಕ್ಕಿ ಅಷ್ಟು ವರ್ಷ ಮಲಗುತ್ತಿದ್ದದ್ದು ಆ ಹುಡುಗಿಯ ಮಂಚದ ಪಕ್ಕ. ಐದನೇ ವಾರದಿಂದ, ಅಲ್ಲಿಯವರೆಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅಪ್ಪ ಆಫೀಸಿಗೆ ಹೋಗತೊಡಗಿದರು. ಆರನೇ ವಾರದ ಕೊನೆಗೆ ತಾತ ಬಂದರು, ಬಿದ್ದು ತೊಡೆಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ವಾಕರ್ ಹಿಡಿದು. ಏಳನೇ ವಾರ ಚುಕ್ಕಿ ಮನೆಯೊಳಗೆ ಉಚ್ಚೆ ಮಾಡಿದಳು. ಎಂಟನೇ ವಾರ, ಎಲ್ಲರೂ ತಾತನ ತಪಾಸಣೆಗೆಂದು ಒಟ್ಟಿಗೆ ಹೋಗಿದ್ದ ದಿನ, ಬಾಗಿಲ ಚೌಕಟ್ಟನ್ನು ಕಡಿದು ಮುಂಗಾಲಿನ ಉಗುರು ಮುರಿದುಕೊಂಡಳು.

ತಾತ ಬಂದ ಮೇಲೆ ಶುರುವಾಯಿತು, ಹಾಗಾಗಿ ತಾತನಿಂದ ಶುರುವಾಯಿತು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಹೆದರಿದ ಮೈಯ ಲೆಕ್ಕ ಸಾಲದ ಲೆಕ್ಕದ ಹಾಗೆ. ಒಂದು ಸಲ ಬೆಚ್ಚಿಬಿದ್ದರೆ ಆ ಉದ್ವೇಗ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಅದು ತೀರುವ ಮೊದಲೇ ಇನ್ನೊಂದು, ಮತ್ತೊಂದು ಸೇರಿದರೆ ಮೈ ಸದಾ ಓಡಲು ಸಿದ್ಧವಾಗಿಯೇ ನಿಂತಿರುತ್ತದೆ. ಸಾಲ ಕೊಟ್ಟವರಲ್ಲಿ ಕೊನೆಗೆ ಬಾಗಿಲು ತಟ್ಟಿದವನು ಯಾರೋ, ಬೈಗುಳ ಅವನಿಗೆ ಬೀಳುತ್ತದೆ. ತಾತ ಹಾಗೆ ಕೊನೆಗೆ ಬಂದವರು.

ಮೊದಲ ಭೇಟಿ

ನಾನು ಹೋದಾಗ ಚುಕ್ಕಿ ಬೊಗಳಲಿಲ್ಲ. ಊಟದ ಮೇಜಿನ ಕೆಳಗಿಂದ ನೋಡುತ್ತಿದ್ದಳು. ತಲೆ ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುತ್ತಿತ್ತು. ನಾನು ಕೂತ ಹತ್ತು ನಿಮಿಷದಲ್ಲಿ ಐದು ಸಲ ಆಕಳಿಸಿದಳು. ಅಮ್ಮ "ನಿದ್ದೆ ಬಂದಿದೆ ಪಾಪ" ಎಂದರು. ನಿದ್ದೆಯಲ್ಲ ಅದು. ಇರುಸುಮುರುಸಾದ ನಾಯಿ ಆಕಳಿಸುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ, ಒದ್ದೆಯಾಗದಿದ್ದರೂ ಮೈ ಕೊಡವುತ್ತದೆ. ಎದ್ದು ಒಳಗೆ ಹೋದಾಗ ಹೊಳೆಯುವ ನೆಲದ ಮೇಲೆ ಅವಳ ನಾಲ್ಕು ಹೆಜ್ಜೆಗಳು ಮಂಜು ಹಿಡಿದ ಗಾಜಿನ ಗುರುತಿನಂತೆ ಮೂಡಿ, ಒಂದೊಂದಾಗಿ ಆರಿಹೋದವು. ನಾಯಿ ಬೆವರುವುದು ಅಂಗಾಲಿನಲ್ಲಿ. ಹೆದರಿದಾಗ ನಮ್ಮ ಅಂಗೈ ಒದ್ದೆಯಾಗುವ ಹಾಗೆ.

ಅಷ್ಟರಲ್ಲಿ ಒಳಕೋಣೆಯಿಂದ ವಾಕರ್ ಸದ್ದು ಬಂತು. ಟಕ್, ಆಮೇಲೆ ಕಾಲೆಳೆಯುವ ಸದ್ದು, ಮತ್ತೆ ಟಕ್. ಚುಕ್ಕಿ ಹಜಾರದ ಮೂಲೆಗೆ ಓಡಿ, ಬೆನ್ನು ಗೋಡೆಗೆ ಒತ್ತಿ ನಿಂತು ಬೊಗಳಲು ಶುರುಮಾಡಿದಳು. ತಾತ ನಿಂತಲ್ಲೇ ವಾಕರನ್ನು ನೆಲಕ್ಕೆ ಕುಕ್ಕಿ "ಥೂ ಸುಮ್ನಿರೇ!" ಎಂದು ಗದರಿದರು. ಅವಳು ಗುರುಗುಟ್ಟಿದಳು. ಅಪ್ಪ ಅವಳನ್ನು ಗದರಿದರು. ಅಮ್ಮ ಅಪ್ಪನನ್ನು ಗದರಿದರು. ಇದೆಲ್ಲ ಆಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಗುರುಗುಟ್ಟುವುದರ ಬಗ್ಗೆ ಅಲ್ಲೇ ಕೂತು ಒಂದು ಮಾತು ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಅದು ದುರಹಂಕಾರವಲ್ಲ, ಸೂಚನೆ. "ಇನ್ನೂ ಹತ್ತಿರ ಬರಬೇಡಿ" ಎಂದು ನಾಯಿಗೆ ಗೊತ್ತಿರುವ ಸಭ್ಯ ಭಾಷೆಯಲ್ಲಿ ಹೇಳುವುದು. ಗದರಿ ಅದನ್ನು ಬಾಯಿ ಮುಚ್ಚಿಸಿದರೆ ಭಯ ಹೋಗುವುದಿಲ್ಲ, ಸೂಚನೆ ಮಾತ್ರ ಹೋಗುತ್ತದೆ. ಆಮೇಲೆ ಸೂಚನೆ ಇಲ್ಲದೆ ಕಚ್ಚಿದಾಗ "ಏಕಾಏಕಿ ಕಚ್ಚಿತು" ಎನ್ನುತ್ತೇವೆ. ಮನೆಯವರಿಗೆ ಇದರ ಉಲ್ಟಾ ಅನುಮಾನವೂ ಇತ್ತು: ಹೆದರಿದಾಗ ಸಮಾಧಾನ ಮಾಡಿದರೆ ಭಯವನ್ನೇ ಪೋಷಿಸಿದ ಹಾಗಲ್ಲವೇ? ಅಲ್ಲ. ಭಯ ಬೇಕೆಂದು ಮಾಡುವ ಕೆಲಸವಲ್ಲ, ಬಹುಮಾನ ಕೊಟ್ಟು ಹೆಚ್ಚಿಸಲು. ಅವಳು ಹತ್ತಿರ ಬಂದರೆ ಇರಗೊಡಿ, ಬರದಿದ್ದರೆ ಎಳೆದು ತಬ್ಬಿಕೊಳ್ಳಬೇಡಿ ಎಂದೆ.

ತಾತ ಎಲ್ಲ ಕೇಳಿಸಿಕೊಂಡು, "ನಾಯಿ ಬಾಲ ಡೊಂಕೇ. ನಿಮ್ಮ ಫೀಸು ದಂಡ" ಎಂದರು. ನನಗೆ ಆ ಮನುಷ್ಯ ಅಲ್ಲೇ ಇಷ್ಟವಾದರು.

ನಾನು ತಪ್ಪಿದ್ದು

ಮನೆಯಲ್ಲಿ ಎರಡು ಕ್ಯಾಮೆರಾ ಇಡಿಸಿ ಮೂರು ದಿನದ ವಿಡಿಯೊ ತರಿಸಿಕೊಂಡೆ. ನೋಡಿ ಒಂದು ಯೋಜನೆ ಮಾಡಿದೆ: ವಾಕರ್‌ಗೆ ಹಂತಹಂತವಾಗಿ ಒಗ್ಗಿಸುವುದು, ಒಬ್ಬಳೇ ಇರುವುದನ್ನು ಸೆಕೆಂಡ್ ಲೆಕ್ಕದಲ್ಲಿ ಕಲಿಸುವುದು. ಪುಸ್ತಕದ ಪ್ರಕಾರ ಸರಿ. ಒಂದು ವಾರ ಮಾಡಿದರು, ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

ಒಂದು ರಾತ್ರಿ, ಮನೆಯಲ್ಲಿ ಬೇರೆಯವರು ಮಲಗಿದ್ದರಿಂದ, ಅದೇ ವಿಡಿಯೊವನ್ನು ಸದ್ದು ಮುಚ್ಚಿ ನೋಡಿದೆ. ಬೊಗಳುವುದು ಕೇಳಿಸದಿದ್ದಾಗ ಕಣ್ಣು ಬಾಯಿಯಿಂದ ಕಾಲಿಗೆ ಇಳಿಯಿತು. ಚುಕ್ಕಿ ಹಜಾರದ ನಡುವೆ ಎಂದೂ ನಡೆಯುತ್ತಿರಲಿಲ್ಲ. ನೀರಿನ ಬಟ್ಟಲಿಗೆ ನೇರ ದಾರಿ ಇದ್ದರೂ ಮೂರು ಗೋಡೆ ಸುತ್ತಿ ಹೋಗುತ್ತಿದ್ದಳು. ತಿರುಗುವಾಗ ಹಿಂಗಾಲುಗಳು ಒಟ್ಟಿಗೆ ಜಾರುತ್ತಿದ್ದವು; ಬೆರಳು ಅಗಲಿಸಿ ಉಗುರು ಊರಲು ನೋಡುತ್ತಿದ್ದಳು. ಮಲಗಲು ಮೂರು ಸಲ ಸುತ್ತಿ, ನಿಂತು, ಮತ್ತೆ ಸುತ್ತಿ, ಕೊನೆಗೆ ಸೊಂಟವನ್ನು ಒಂದು ಬದಿಗೆ ಬೀಳಿಸುತ್ತಿದ್ದಳು. ಹಳೆ ಮನೆಯ ನೆಲ ಹೇಗಿತ್ತು ಎಂದು ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. ಒರಟು ಕಲ್ಲು ಎಂದರು. ಇಲ್ಲಿ ಕನ್ನಡಿಯಂಥ ಟೈಲ್ಸ್.

ಮೊದಲ ದಿನವೇ ಪಶುವೈದ್ಯರಲ್ಲಿಗೆ ಕಳಿಸಬೇಕಿತ್ತು. ಇದು ನನ್ನ ವೃತ್ತಿಯ ಅ ಆ ಇ ಈ. ಎರಡು ತಿಂಗಳ ಹಿಂದೆಯಷ್ಟೇ ಲಸಿಕೆ ಹಾಕಿಸುವಾಗ ವೈದ್ಯರು "ಆರೋಗ್ಯವಾಗಿದ್ದಾಳೆ" ಎಂದಿದ್ದರು ಅನ್ನುವುದನ್ನು ನಂಬಿ ಮುಂದೆ ಹೋಗಿದ್ದೆ. ಲಸಿಕೆ ಹಾಕಿಸಲು ಹೋದ ಹೆದರಿದ ನಾಯಿ ಮೇಜಿನ ಮೇಲೆ ಮರಗಟ್ಟಿ ನಿಂತಿರುತ್ತದೆ, ನೋವು ತೋರಿಸುವುದಿಲ್ಲ.

ಈ ಸಲ ಆ ವಿಡಿಯೊವನ್ನೇ ವೈದ್ಯರಿಗೆ ತೋರಿಸಿದರು. ಮಂಪರು ಕೊಟ್ಟು ಎಕ್ಸ್-ರೇ ತೆಗೆದಾಗ ಎರಡೂ ಕಡೆಯ ಸೊಂಟದ ಕೀಲುಗಳಲ್ಲಿ ಸಂಧಿವಾತ ಕಂಡಿತು, ಎಡಗಡೆ ಹೆಚ್ಚು. ಇದು ಹೊಸದಲ್ಲ, ವರ್ಷಗಳಿಂದ ಬೆಳೆದದ್ದು. ಒರಟು ನೆಲದ ಮೇಲೆ ಹೇಗೋ ನಿಭಾಯಿಸಿಕೊಂಡಿದ್ದಳು. ಹೊಸ ನೆಲದಲ್ಲಿ ಪ್ರತಿ ತಿರುವೂ ನೋವು. ಜಾರುವ ನೆಲದಲ್ಲಿ, ನೋಯುವ ಸೊಂಟದಲ್ಲಿ, ಎದುರಿಗೆ ನಾಲ್ಕು ಕಾಲಿನ ಲೋಹದ ಚೌಕಟ್ಟು ಟಕ್ ಟಕ್ ಎಂದು ಬರುತ್ತಿದ್ದರೆ, ಸಮಯಕ್ಕೆ ಸರಿದುಕೊಳ್ಳಬಲ್ಲೆ ಎಂಬ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು?

ನೋವಿಗೂ ಭಯಕ್ಕೂ ಇರುವ ನಂಟು ಗೊತ್ತಿಲ್ಲದ್ದೇನಲ್ಲ. 2018ರಲ್ಲಿ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯ ಮತ್ತು ಬ್ರೆಜಿಲ್‌ನ ಸಂಶೋಧಕರು ಸದ್ದಿಗೆ ಹೆದರುವ 20 ನಾಯಿಗಳನ್ನು ಹೋಲಿಸಿ ನೋಡಿದರು. 10ಕ್ಕೆ ಮೂಳೆ-ಮಾಂಸಖಂಡದ ನೋವಿತ್ತು, 10ಕ್ಕೆ ಇರಲಿಲ್ಲ. ನೋವಿದ್ದ ನಾಯಿಗಳಲ್ಲಿ ಸದ್ದಿನ ಭಯ ಶುರುವಾದದ್ದು ತಡವಾದ ವಯಸ್ಸಿನಲ್ಲಿ, ಮತ್ತು ಆ ಭಯ ಸದ್ದು ಕೇಳಿದ ಜಾಗಕ್ಕೆಲ್ಲ ಸುಲಭವಾಗಿ ಹರಡುತ್ತಿತ್ತು. ಸಣ್ಣ ಅಧ್ಯಯನ ನಿಜ. ಆದರೆ ನಡುವಯಸ್ಸಿನ ನಾಯಿಗೆ ಹೊಸದಾಗಿ ಭಯ ಬಂದಿದೆ ಎಂದಾಗ ನಾನು ಮೊದಲು ಕೀಲುಗಳ ಕಡೆ ನೋಡಬೇಕಿತ್ತು.

ವೈದ್ಯರು ಉರಿಯೂತ ತಗ್ಗಿಸುವ ನೋವಿನ ಔಷಧಿಯನ್ನು ಮೂರು ವಾರಕ್ಕೆ ಬರೆದುಕೊಟ್ಟರು. (ಮನುಷ್ಯರ ನೋವಿನ ಮಾತ್ರೆ ಅರ್ಧ ಮುರಿದು ಕೊಡುವವರಿದ್ದಾರೆ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸಬಲ್ಲದು. ದಯವಿಟ್ಟು ಬೇಡ.) ಮನೆಯಲ್ಲಿ ರಬ್ಬರ್ ತಳದ ಚಾಪೆಗಳನ್ನು ಹಾಸಿಗೆಯಿಂದ ನೀರಿಗೆ, ನೀರಿನಿಂದ ಬಾಗಿಲಿಗೆ ರಸ್ತೆಯ ಹಾಗೆ ಹಾಸಿದರು. ಬೆಳೆದಿದ್ದ ಉಗುರು ಕತ್ತರಿಸಿದರು. ಐದನೇ ದಿನ ಅಮ್ಮ ಕಳಿಸಿದ ಸಂದೇಶದಲ್ಲಿ ಒಂದೇ ಸಾಲು: "ನಡುಮನೇಲಿ ನಡೆದಳು."

ತಾತನ "ಏಳ್ತೀನಮ್ಮ"

ನೋವು ತಗ್ಗಿದ್ದರಿಂದ ಅರ್ಧ ಕೆಲಸ ಆಯಿತು. ಉಳಿದ ಅರ್ಧಕ್ಕೆ ಬರುವ ಮುನ್ನ, ಇಂಥ ಮನೆಗಳಲ್ಲಿ ನಾಯಿ ಕಳೆದುಕೊಂಡಿರುವುದು ಏನು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕು. "ಹಳೆ ಮನೆ ನೆನಪಾಗುತ್ತಿದೆ" ಎನ್ನುತ್ತಾರೆ ಎಲ್ಲರೂ. ಇರಬಹುದು. ಆದರೆ ನಾಯಿಯನ್ನು ಹೆಚ್ಚು ಕಂಗೆಡಿಸುವುದು ಮುಂದೇನಾಗುತ್ತದೆ ಎಂದು ಊಹಿಸಲಾಗದಿರುವುದು. ಹಳೆ ಮನೆಯಲ್ಲಿ ಅಪ್ಪ ಲ್ಯಾಪ್‌ಟಾಪ್ ಮುಚ್ಚಿದರೆ ವಾಕಿಂಗ್, ಮಗಳು ದೀಪ ಆರಿಸಿದರೆ ನಿದ್ದೆ. ಈಗ ಲ್ಯಾಪ್‌ಟಾಪ್ ಇಲ್ಲ, ಮಗಳಿಲ್ಲ, ವಾಕರ್ ಯಾವಾಗ ಬರುತ್ತದೋ ಗೊತ್ತಿಲ್ಲ. ಗಡಿಯಾರ ನೋಡಿ ಊಟ ಹಾಕುವುದಕ್ಕಿಂತ ಯಾವುದರ ನಂತರ ಯಾವುದು ಎಂಬ ಕ್ರಮ ಕೆಡದಿರುವುದು ಮುಖ್ಯ.

ಹಾಗಾಗಿ ತಾತನಿಗೆ ಒಂದು ಪದ ಕೊಟ್ಟೆ. ಕುರ್ಚಿಯಿಂದ ಏಳುವ ಮೊದಲು "ಏಳ್ತೀನಮ್ಮ" ಎನ್ನಬೇಕು, ಮೂರು ಎಣಿಸಿ ವಾಕರ್ ಹಿಡಿಯಬೇಕು. "ನನ್ನ ಮನೇಲಿ ನಾನು ಏಳೋಕೆ ನಾಯೀನ ಕೇಳ್ಬೇಕಾ?" ಎಂದರು. ಕೇಳಬೇಕಿಲ್ಲ, ತಿಳಿಸಿದರೆ ಸಾಕು ಎಂದೆ. ನಾಲ್ಕು ದಿನ ಗೊಣಗಿದರು. ಆಮೇಲೆ ಆ ಮನೆಯಲ್ಲಿ ಕ್ರಮ ತಪ್ಪದೆ ನಡೆದುಕೊಂಡ ಒಬ್ಬರೇ ಒಬ್ಬರು ಅವರು.

ವಾಕರ್ ಕಾಲುಗಳಿಗೆ ಹೊಸ ರಬ್ಬರ್ ಬಿರಡೆ ಹಾಕಿ ಸದ್ದು ತಗ್ಗಿಸಿದೆವು. ಹಜಾರಕ್ಕೂ ಒಳಕೋಣೆಗೂ ನಡುವೆ ಮಕ್ಕಳ ಗೇಟ್ ಬಂತು. ಪಾಠ ಮಾಡುವಾಗ ಚುಕ್ಕಿ ತನ್ನ ಚಾಪೆಯ ಮೇಲೆ, ವಾಕರ್ ಆಚೆ ಬದಿಗೆ, ಅವಳು ನೋಡಿಯೂ ತಿನ್ನಬಲ್ಲಷ್ಟು ದೂರದಲ್ಲಿ. ಮೊದಲು ತಾತನ ಮಾತು, ಆಮೇಲೆ ವಾಕರ್ ಅಲುಗುವುದು, ಅದರ ಬೆನ್ನಿಗೇ ಬೇಯಿಸಿದ ಮಾಂಸದ ಚೂರು. ವಾಕರ್ ನಿಂತರೆ ಚೂರೂ ನಿಲ್ಲುತ್ತದೆ.

ಮೂರನೇ ದಿನ ಅಮ್ಮನ ಫೋನು: "ಮಾಂಸ ಕಂಡರೇ ಓಡಿಹೋಗ್ತಿದ್ದಾಳೆ!" ವಿಡಿಯೊ ನೋಡಿದರೆ ವಿಷಯ ಸರಳ. ಅವಳು ಗಾಬರಿಯಾಗದಿರಲಿ ಎಂದು ಅಮ್ಮ ಮೊದಲೇ ಚೂರು ಕೊಟ್ಟು, ಅವಳು ತಿನ್ನುತ್ತಿರುವಾಗ ತಾತನಿಗೆ ಕೈಸನ್ನೆ ಮಾಡುತ್ತಿದ್ದರು. ಮೂರು ದಿನದಲ್ಲಿ ಚುಕ್ಕಿ ಕಲಿತ ಪಾಠ, ಮಾಂಸ ಬಂದರೆ ಹಿಂದೆಯೇ ವಾಕರ್ ಬರುತ್ತದೆ. ಗಂಟೆಯ ಹಿಂದೆಯೇ ಊಟ ಕೊಟ್ಟು, ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುವಂತೆ ಮಾಡಿದ ವಿಜ್ಞಾನಿ ಪಾವ್ಲೊವ್‌ನ ಪಾಠ ಇಲ್ಲಿ ತಿರುವುಮುರುವಾಗಿತ್ತು. ಒಳ್ಳೆಯದು ಯಾವಾಗಲೂ ಎರಡನೆಯದಾಗಿ ಬರಬೇಕು. ಮೊದಲು ಬಂದರೆ ಅದೇ ಅಪಾಯದ ಗಂಟೆಯಾಗುತ್ತದೆ. ಎರಡು ದಿನ ಬಿಟ್ಟು, ಬೇರೆ ತಿಂಡಿ ಹಿಡಿದು ಮೊದಲಿನಿಂದ ಶುರುಮಾಡಿದರು.

ಎರಡು ವಾರಕ್ಕೆ ತಾತ ಕುರ್ಚಿಯಲ್ಲಿ ಕೂತು ಚೂರು ಎಸೆಯುವ ಹಂತ ಬಂತು. ಇಲ್ಲಿ ಒಂದು ಸಣ್ಣ ಉಪಾಯ: ಚೂರನ್ನು ತನ್ನ ಕಡೆಗೆ ಅಲ್ಲ, ಅವಳ ಬೆನ್ನ ಹಿಂದಕ್ಕೆ ಎಸೆಯಬೇಕು. ಕೈಯಲ್ಲಿ ಹಿಡಿದು ಕರೆದರೆ ಹೊಟ್ಟೆ ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ. ತಿಂದ ಮೇಲೆ ತಲೆಯೆತ್ತಿ ನೋಡಿದರೆ ತೀರಾ ಹತ್ತಿರ ಬಂದಿರುತ್ತಾಳೆ, ಬೆಚ್ಚಿ ಬೀಳುತ್ತಾಳೆ. ಹಿಂದಕ್ಕೆ ಎಸೆದರೆ ದೂರ ಹೋಗುವುದೂ ಸಿಗುತ್ತದೆ, ತಿಂಡಿಯೂ ಸಿಗುತ್ತದೆ, ಮತ್ತೆ ಬರುವುದು ಅವಳ ಇಷ್ಟ. ಹೀಗೆ ಎಸೆಯಲು ಶುರುಮಾಡಿದ ಹನ್ನೊಂದನೇ ದಿನ ಅವಳು ವಾಕರ್‌ನ ರಬ್ಬರ್ ಬಿರಡೆಯನ್ನು ಮೂಸಿ ನೋಡಿದಳು. ತಾತ ಉಸಿರು ಬಿಗಿಹಿಡಿದು ಕೂತಿದ್ದರು. ಹೋದ ಮೇಲೆ "ಶೀತ ಮೂಗು" ಎಂದರಂತೆ, ಅಷ್ಟೆ.

ಒಬ್ಬಳೇ ಇರುವುದು

ಇದು ಅಷ್ಟು ಬೇಗ ಬಗ್ಗಲಿಲ್ಲ. ಬಾಗಿಲು ಮುಚ್ಚಿದ 40ನೇ ಸೆಕೆಂಡಿಗೆ ಚುಕ್ಕಿಯ ಏದುಸಿರು ಶುರು. ಹಾಗಾಗಿ ಪಾಠ 10 ಸೆಕೆಂಡಿನಿಂದ. ಹೊರಗೆ ಹೋಗಿ, ಅವಳು ಕಂಗಾಲಾಗುವ ಮೊದಲೇ ಒಳಗೆ ಬರುವುದು. 10, 15, 8, 20, 12. ಏರುತ್ತಲೇ ಹೋದರೆ ಅದೂ ಅವಳಿಗೆ ಗೊತ್ತಾಗುತ್ತದೆ. ಪಾಠಕ್ಕಿಂತ ಕಷ್ಟವಾದದ್ದು ಅದರ ಹಿಂದಿನ ನಿಯಮ: ಪಾಠ ಮುಗಿಯುವವರೆಗೆ ಅವಳ ಶಕ್ತಿ ಮೀರಿ ಒಂದು ದಿನವೂ ಒಬ್ಬಳೇ ಬಿಡುವಂತಿಲ್ಲ. ಒಂದು ಸಲ ಬಾಗಿಲು ಕಡಿಯುವಷ್ಟು ಗಾಬರಿಯಾದರೆ ಹತ್ತು ದಿನದ ಪಾಠ ನೀರುಪಾಲು. ತಾತ ಮನೆಯಲ್ಲಿದ್ದರೂ ಅವಳ ಲೆಕ್ಕಕ್ಕೆ ಅವರು ಆಗ ಇನ್ನೂ ಜೊತೆಗಾರರಲ್ಲ. ಅಪ್ಪ ಆಫೀಸಿನ ದಿನ ಬದಲಿಸಿಕೊಂಡರು, ಕೆಳಮನೆಯ ಕಾಲೇಜು ಹುಡುಗನೊಬ್ಬ ಪುಸ್ತಕ ಹಿಡಿದು ಬಂದು ಕೂರುತ್ತಿದ್ದ.

ಈ ನಡುವೆ ಕ್ಯಾಮೆರಾದಲ್ಲಿ ಇನ್ನೊಂದು ಸಿಕ್ಕಿತು. ಪ್ರತಿ ರಾತ್ರಿ ಮಗಳು ವಿಡಿಯೊ ಕರೆ ಮಾಡಿ, "ಚುಕ್ಕೀ..." ಎಂದು ಪ್ರೀತಿಯಿಂದ ಕೂಗುತ್ತಿದ್ದಳು. ಚುಕ್ಕಿ ಫೋನ್ ನೋಡುತ್ತಿರಲಿಲ್ಲ. ನೇರ ಹೊರಬಾಗಿಲಿಗೆ ಓಡಿ, ಅರ್ಧ ಗಂಟೆ ಅಲ್ಲೇ ನಿಂತಿರುತ್ತಿದ್ದಳು. ದನಿ ಬಂತು, ಮನುಷ್ಯಳು ಬರಲಿಲ್ಲ. ಹುಡುಗಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು, ಅತ್ತಳು. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಮಾತಾಡಲು ಶುರುಮಾಡಿದರು.

ಅಮ್ಮನಿಗೆ ಕೊರೆಯುತ್ತಿದ್ದದ್ದು ಬೇರೆ: "ನನ್ನ ಟೆನ್ಷನ್ನೇ ಅವಳಿಗೆ ಅಂಟಿತಾ?" 2019ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಳೆದು, ದೀರ್ಘಕಾಲದ ಒತ್ತಡ ಇಬ್ಬರಲ್ಲೂ ಹೊಂದಿಕೊಂಡು ಏರಿಳಿಯುವುದನ್ನು ಕಂಡಿದ್ದರು. ಅದನ್ನು ಅಮ್ಮ ಎಲ್ಲೋ ಓದಿದ್ದರು. ಹೌದು, ಅಂಥ ನಂಟಿದೆ. ಆದರೆ ಮಾವನ ಆರೈಕೆ, ಮನೆ ಬದಲಾವಣೆ, ಮಗಳ ಅಗಲಿಕೆ ಎಲ್ಲ ಹೊತ್ತ ಹೆಂಗಸಿಗೆ "ನೀವು ಸಮಾಧಾನವಾಗಿರಿ" ಎನ್ನುವುದು ಸಲಹೆಯಲ್ಲ, ಗಾಯದ ಮೇಲೆ ಬರೆ. ಬೆಳಗಿನ ವಾಕಿಂಗನ್ನು ಅಪ್ಪನಿಗೆ ವಹಿಸಿದೆ. ಅವಸರದ ಸುತ್ತಲ್ಲ, ನಾಯಿ ಮೂಸಿದಷ್ಟು ಹೊತ್ತು ನಿಲ್ಲುವ ವಾಕಿಂಗ್.

ಆತಂಕದ ಔಷಧಿಯ ಮಾತಿಗೆ ಮನೆಯವರು ಹಿಂದೆಗೆದರು. ಕಾರಣವಿತ್ತು. ನನ್ನ ಬಳಿ ಬರುವ ಮೊದಲು ಯಾರೋ ಮಂಪರು ಬರಿಸುವ ಏಸ್‌ಪ್ರೊಮಝೀನ್ ಕೊಟ್ಟಿದ್ದರು. ಅದು ಮೈಯನ್ನು ಮಲಗಿಸುತ್ತದೆ, ಭಯವನ್ನಲ್ಲ. ಕಣ್ಣು ತೆರೆದುಕೊಂಡು, ಕಾಲು ಬಾರದೆ ಬಿದ್ದಿದ್ದ ಚುಕ್ಕಿಯನ್ನು ನೋಡಿ ಅಮ್ಮ ಇನ್ನು ಯಾವ ಮಾತ್ರೆಯೂ ಬೇಡ ಎಂದಿದ್ದರು. ಆತಂಕ ತಗ್ಗಿಸುವ ಫ್ಲುಆಕ್ಸೆಟಿನ್ ಆ ಜಾತಿಯದಲ್ಲ. ಒಂಟಿತನದ ಆತಂಕಕ್ಕೆ, ತರಬೇತಿಯ ಜೊತೆಗೆ ಕೊಡಲೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ನಾಯಿಗಳಿಗೆ ಅದನ್ನು ಒಪ್ಪಿದೆ. ಗುಣ ಕಾಣಲು ವಾರಗಟ್ಟಲೆ ಬೇಕು. ನೋವಿನ ಔಷಧಿಯಿಂದ ಎಷ್ಟು ಸುಧಾರಿಸುತ್ತಾಳೋ ನೋಡಿಕೊಂಡು, ನಾಲ್ಕನೇ ವಾರ ವೈದ್ಯರು ಅದನ್ನು ಶುರುಮಾಡಿದರು. ಮೊದಲ ಹತ್ತು ದಿನ ಊಟ ಸರಿಯಾಗಿ ಸೇರಲಿಲ್ಲ, ಆಮೇಲೆ ಸರಿಹೋಯಿತು. ನಾಯಿಗೆ ಸಮಾಧಾನ ತರುತ್ತದೆ ಎನ್ನುವ ವಾಸನೆಯನ್ನು ಕೋಣೆಗೆ ಬಿಡುವ ಫೆರೊಮೋನ್ ಡಿಫ್ಯೂಸರನ್ನೂ ಹಾಕಿದ್ದರು. ಹಾನಿಯೇನಿಲ್ಲ, ಅದರಿಂದಲೇ ಏನಾದರೂ ಆಯಿತು ಎನ್ನಲಾರೆ.

ಆರನೇ ವಾರಕ್ಕೆ 12 ನಿಮಿಷ. ಏಳನೇ ವಾರ ಲಿಫ್ಟ್ ದುರಸ್ತಿಗೆ ಡ್ರಿಲ್ ಕೊರೆದರು, ಮತ್ತೆ 2 ನಿಮಿಷ. ಅಪ್ಪ ಫೋನಿನಲ್ಲಿ ಮಾತೇ ಆಡಲಿಲ್ಲ, ಉಸಿರು ಮಾತ್ರ ಕೇಳಿಸಿತು. ಒಂಬತ್ತನೇ ವಾರದಿಂದ ಏರಿಕೆ ಬೇರೆ ಥರ ಇತ್ತು: 20, 35, 50. ಹದಿನಾಲ್ಕನೇ ವಾರ ಒಂದು ಗಂಟೆ ಹತ್ತು ನಿಮಿಷ. ಆ ದಿನದ ವಿಡಿಯೊದಲ್ಲಿ ಲಿಫ್ಟ್ ಬಾಗಿಲ ಸದ್ದಿಗೆ ಚುಕ್ಕಿ ತಲೆಯೆತ್ತುತ್ತಾಳೆ, ಕಿವಿ ಒಂದು ಸಲ ತಿರುಗುತ್ತದೆ, ಮತ್ತೆ ತಲೆ ಚಾಪೆಗೆ. ಅಪ್ಪ ಅದನ್ನು ಮೂರು ಸಲ ಕಳಿಸಿದ್ದರು, ಒಂದೇ ತುಣುಕು.

ಈಗ ಐದೂವರೆ ತಿಂಗಳು. ಎರಡು ಗಂಟೆ ಮೀರಿ ಅವಳನ್ನು ಒಬ್ಬಳೇ ಬಿಡುವುದಿಲ್ಲ. ಮುಂದೆಯೂ ಬಿಡಲಾಗುವುದೋ ಇಲ್ಲವೋ, ಮನೆಯವರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡಿದ್ದಾರೆ. ಫ್ಲುಆಕ್ಸೆಟಿನ್ ನಡೆಯುತ್ತಿದೆ, ನಿಲ್ಲಿಸುವಾಗ ವೈದ್ಯರ ಕೈಯಲ್ಲೇ ನಿಧಾನಕ್ಕೆ ಇಳಿಸಬೇಕು. ಗುಡುಗಿದರೆ ಮಂಚದ ಕೆಳಗೇ. ಆ ಜಾಗ ಹಾಗೇ ಬಿಟ್ಟಿದ್ದೇವೆ.

ಹೋದ ತಿಂಗಳು ತಾತನಿಗೆ ವಾಕರ್ ಬಿಡಿಸಿ ಊರುಗೋಲು ಕೊಟ್ಟರು. ಹೊಸ ವಸ್ತು, ಹೊಸ ಸದ್ದು, ಅದೂ ಎತ್ತಿ ಹಿಡಿದರೆ ಹೊಡೆಯಲು ಬಂದ ಹಾಗೆ ಕಾಣುವಂಥದ್ದು. ನನಗೆ ಯಾರೂ ಫೋನ್ ಮಾಡಲಿಲ್ಲ. ಒಂದು ವಾರದ ನಂತರ ಬೇರೆ ವಿಷಯಕ್ಕೆ ಮಾತಾಡುವಾಗ ಅಮ್ಮ ಹೇಳಿದರು: ಕೋಲನ್ನು ಎರಡು ದಿನ ಚಾಪೆಯ ಆಚೆ ನೆಲದ ಮೇಲೆ ಸುಮ್ಮನೆ ಮಲಗಿಸಿದ್ದರಂತೆ, ಮೂರನೇ ದಿನ ತಾತ "ಏಳ್ತೀನಮ್ಮ" ಎಂದು ಹೇಳಿ, ಮೂರು ಎಣಿಸಿ, ಅದನ್ನು ಹಿಡಿದು ಎದ್ದರಂತೆ. ಚುಕ್ಕಿ ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಚೂರು ಎಲ್ಲಿ ಬೀಳುತ್ತದೆ ಎಂದು ತನ್ನ ಬೆನ್ನ ಹಿಂದೆ ತಿರುಗಿ ನೋಡಿದಳಂತೆ.